ಹಳೆಯ ಕಲ್ಲಿನ ಹೊಸ ಗೋಡೆ

ಕಾಪು
೧೨ ನವೆಂಬರ್ ೨೦೨೪

ಪ್ರೀತಿಯ ಮಗಳು ಶರ್ವಾಣಿಗೆ, ಅಮ್ಮನ ಆಶೀರ್ವಾದ.

ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಫೋನಿನಲ್ಲಿ ಚಿಕ್ಕಪ್ಪನ ಹೆಸರೆತ್ತಿದರೆ ನೀನು ಸುಮ್ಮನಾಗುತ್ತೀ, ನಾನು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಉಡುಪಿ ಕೋರ್ಟಿನಲ್ಲಿ ನಮ್ಮ ಮನೆಯ ಕೇಸಿನ ಕಮಿಷನರ್ ಡೆನ್ವರ್ ಅವರ ಪಾಟೀಸವಾಲು ನಡೆಯಿತು. ಮನೆ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ಯುವ ವಕೀಲರು ಅವರು. ನಮ್ಮ ಜಗಲಿಯನ್ನು ಎರಡು ಮಾಡಿದ ಗೋಡೆ ನೋಡಿ, “ಮುರಕಲ್ಲು ಹಳೆಯದು, ಪಾಚಿಯ ಕಲೆ ಇದೆ, ಗೋಡೆ ಬಹುಕಾಲದಿಂದ ಇರುವಂತೆ ಕಾಣುತ್ತದೆ” ಎಂದು ಬರೆದಿದ್ದರು.

ಆ ಒಂದು ಸಾಲು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅಜ್ಜನ ಕಾಲದಲ್ಲೇ ಪಾಲಾಗಿದೆ, ಅಡುಗೆಮನೆ, ಬಾವಿ, ಹಿತ್ತಲು ಎಲ್ಲ ತನ್ನದೇ ಎಂದು ಅನಂತೇಶ ಚಿಕ್ಕಪ್ಪ ಹೇಳುವುದಕ್ಕೆ ಕೋರ್ಟಿನ ಕಡೆಯವರೇ ಹೌದು ಅಂದ ಹಾಗಾಯಿತಲ್ಲ. ನಿನ್ನ ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗ, ನಾನು ಅವರ ಹಾಸಿಗೆಯ ಪಕ್ಕ ಕೂತಿದ್ದಾಗ ಎದ್ದ ಗೋಡೆ ಅದು. ಕೆಡವಿದ ದನದ ಹಟ್ಟಿಯ ಕಲ್ಲುಗಳನ್ನೇ ತಂದು ಜೋಡಿಸಿದ್ದರು. ಕಲ್ಲು ಹಳೆಯದು ಹೌದು. ಗೋಡೆ ಹೊಸದು.

ನಮ್ಮ ವಕೀಲರು ಕಾರ್ಲ್ ಮೊದಲಿನಿಂದಲೂ, “ಅಮ್ಮಾ, ವರದಿಗೆ ತೂಕ ಉಂಟು, ಆದರೆ ಅದು ತೀರ್ಪು ಅಲ್ಲ. ಅದೂ ಒಂದು ಸಾಕ್ಷ್ಯ. ಆಕ್ಷೇಪಣೆ ಹಾಕುವ, ಬರೆದವರನ್ನೇ ಕರೆಸಿ ಕೇಳುವ” ಎನ್ನುತ್ತಿದ್ದರು. ನಿನ್ನೆ ಕೇಳಿಯೇ ಬಿಟ್ಟರು. ಕಲ್ಲು ಹಳೆಯದಾದರೆ ಗೋಡೆಯೂ ಹಳೆಯದೇ ಆಗಬೇಕಾ ಎಂದರು. ಡೆನ್ವರ್, “ಹಾಗೇನಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದೆ. ಯಾವಾಗ ಕಟ್ಟಿದ್ದೆಂದು ನನಗೆ ಗೊತ್ತಿಲ್ಲ” ಎಂದರು. ಆಮೇಲೆ ಕಾರ್ಲ್ ಅವರು ವರದಿಯ ಜೊತೆಗಿದ್ದ ಫೋಟೊ ತೋರಿಸಿ, ಗೋಡೆಯ ಬುಡದಲ್ಲಿ ಎಂತ ಕಾಣುತ್ತದೆ ಎಂದು ಕೇಳಿದರು. ಅಜ್ಜ ಹೋದ ಮೇಲೆ ಅಪ್ಪ ಹಾಕಿಸಿದ ಜಗಲಿಯ ಟೈಲ್ಸ್ ಗೋಡೆಯ ಅಡಿಗೇ ಹೋಗಿದೆ! ಗೋಡೆ ಟೈಲ್ಸಿನ ಮೇಲೆ ಕೂತಿದೆ ಎಂದು ಡೆನ್ವರ್ ಒಪ್ಪಿಕೊಂಡರು. ಚಿಕ್ಕಪ್ಪ ತಲೆ ತಗ್ಗಿಸಿದರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ ಮಗಾ. ಪಕ್ಕದಿಂದ ನೋಡಿದರೆ ಅವರು ಅಪ್ಪನ ಹಾಗೆಯೇ ಕಾಣುತ್ತಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಳೆಯ ಗೋಡೆ ಬಿದ್ದಿತ್ತು, ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು ಎಂದು ಅವರ ವಕೀಲರು ಹೊಸ ಮಾತು ತೆಗೆದರು. ಹೊರಗೆ ಬಂದ ಮೇಲೆ ಕಾರ್ಲ್ ಅವರು, “ಅಲ್ಲಿ ಮೊದಲು ಗೋಡೆಯೇ ಇರಲಿಲ್ಲ, ಕಟ್ಟುವುದನ್ನು ನೋಡಿದ್ದೇನೆ ಎನ್ನುವವರು ಒಬ್ಬರಾದರೂ ಬೇಕು” ಎಂದರು. ಕಟ್ಟಿದ ಮೇಸ್ತ್ರಿ ರೊಸಾರಿಯೊ ಈಗ ಮಸ್ಕತ್‌ನಲ್ಲಿದ್ದಾನೆ, ಫೋನು ಎತ್ತುವುದಿಲ್ಲ.

ಗೋಡೆ ಕಟ್ಟುವಾಗ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದವಳು ನೀನು. ಕಲ್ಲಿನ ಸದ್ದಿಗೆ ತಲೆನೋವು ಎಂದು ಆಸ್ಪತ್ರೆಯಲ್ಲಿದ್ದ ನನಗೆ ಫೋನು ಮಾಡಿದ್ದೆ. ಹಟ್ಟಿಯ ಧೂಳು ಬಾರದ ಹಾಗೆ ಸದ್ಯಕ್ಕೊಂದು ಅಡ್ಡ ಎಂದು ಚಿಕ್ಕಪ್ಪ ಹೇಳಿದ್ದನ್ನು ನೀನು ನಂಬಿದ್ದೆ. ನಂಬಿದ್ದು ತಪ್ಪಲ್ಲ. ಅಪ್ಪ ಹೋದ ಮೇಲೆ ನಿನ್ನ ಬೆನ್ನಿಗೆ ನಿಂತವರು ಅವರೇ. ಜನವರಿಯಲ್ಲಿ ನಿನ್ನನ್ನು ಧಾರೆ ಎರೆದು ಕೊಡಬೇಕಾದವರೂ ಅವರೇ. ಮೊನ್ನೆ ಕಡಿಯಾಳಿ ದೇವಸ್ಥಾನದಲ್ಲಿ ಸಿಕ್ಕಿದ ಚಿಕ್ಕಮ್ಮ ನಿನ್ನ ಧಾರೆ ಸೀರೆಯ ಬಣ್ಣ ಕೇಳಿದಳು, ನನ್ನ ಮುಖ ನೋಡದೆ.

ಅವರ ಎದುರು ಸಾಕ್ಷಿಗೆ ನಿಲ್ಲು ಎಂದು ನಾನು ಹೇಗೆ ಹೇಳಲಿ? ನಿಲ್ಲಬೇಡ ಎನ್ನಲೂ ಬಾಯಿ ಬರುವುದಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹಿಡಿದು ಪಕ್ಕದ ಮನೆಗೆ ಹೋಗುತ್ತೇನೆ. ಗೋಡೆಯ ಆಚೆ ನಮ್ಮ ಬಾವಿಯ ರಾಟೆಯ ಸದ್ದು ಕೇಳಿಸುತ್ತಿರುತ್ತದೆ.

ಕೆಲಸದ ಗಡಿಬಿಡಿಯಲ್ಲಿ ಊಟ ಬಿಡಬೇಡ.

ನಿನ್ನ ಅಮ್ಮ,
ನರ್ಮದಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಇವತ್ತು ಬೆಳಿಗ್ಗೆ ಕಾರ್ಲ್ ವಕೀಲರಿಗೆ ನಿನ್ನ ಹೆಸರು ಕೊಟ್ಟು ಬಂದೆ. ನೀನಿರುವ ನಿಟ್ಟೆಯ ವಿಳಾಸಕ್ಕೆ ಸಮನ್ಸ್ ಬರುತ್ತದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದೆಯೋ ಏನೋ. ಅದಕ್ಕೇ ಕೇಳಲಿಲ್ಲ. ಕೋಪ ಬಂದರೆ ಬೈದುಬಿಡು ಮಗಾ, ಮಾತು ಮಾತ್ರ ಬಿಡಬೇಡ.