ಅಕ್ಕನ ದನಿ ಇದ್ದ ಡಿಸ್ಕು

24 ಜನವರಿ 2011, ಸೋಮವಾರ. ಮಧ್ಯಾಹ್ನ 2.10

ಬೆಳಿಗ್ಗೆ ಆರು ಕೇಸು. ಐದಕ್ಕೆ ಡೇಟ್ ಸಿಕ್ಕಿತು, ಒಂದು ವಜಾ. ಕಕ್ಷಿದಾರ ಬಸ್ಸು ತಪ್ಪಿಸಿಕೊಂಡು ದೇವನಹಳ್ಳಿ ತಲುಪುವಷ್ಟರಲ್ಲಿ ಹೆಸರು ಕೂಗಿ ಮುಗಿದಿತ್ತು. ಲಾಯರ್ ಗೋಪಾಲಪ್ಪನವರು ಕರಿಕೋಟು ಬಿಚ್ಚುತ್ತಾ ನನ್ನನ್ನೇ ದುರುಗುಟ್ಟಿ ನೋಡಿದರು, ಬಸ್ಸು ಓಡಿಸಿದವನು ನಾನೇ ಎಂಬಂತೆ.

“ರಿಸ್ಟೋರ್ ಅರ್ಜಿ ರೆಡಿ ಮಾಡಯ್ಯ ಬೀರೇಶ್.”

ಹದಿನಾರು ವರ್ಷದಿಂದ ಗುಮಾಸ್ತೆ ನಾನು. ರಿಸ್ಟೋರ್ ಅರ್ಜಿ ಕಣ್ಣು ಮುಚ್ಚಿ ಟೈಪ್ ಮಾಡುತ್ತೇನೆ. ಬಿದ್ದ ಕೇಸು ಎದ್ದು ಕೂರುತ್ತದೆ, ಒಂದು ಹಾಳೆಯೂ ಕಳೆದಿರುವುದಿಲ್ಲ.

ಊಟದ ಡಬ್ಬಿ ಬಿಚ್ಚುವಾಗ ಚಂದನ ಬಂದಳು, ನನ್ನ ಅಕ್ಕ ಮಾರಕ್ಕನ ಮಗಳು. ಏರ್‌ಪೋರ್ಟ್ ಯೂನಿಫಾರ್ಮ್, ಕೊರಳಲ್ಲಿ ಪಾಸ್, ಕೈಯಲ್ಲಿ ಮ್ಯೂಸಿಕ್ ಪ್ಲೇಯರ್. ಮುಖ ಬಿಳಚಿಕೊಂಡಿತ್ತು.

“ಮಾವ, ಶಿಫ್ಟ್ ವ್ಯಾನ್ ಹತ್ತುವಾಗ ಕೈ ತಪ್ಪಿ ಬಿದ್ಬಿಡ್ತು. ಈಗ ಬರೀ ಟಿಕ್ ಟಿಕ್ ಅಂತದೆ. ಏನೂ ಹಾಡ್ತಿಲ್ಲ.”

ಕಿವಿಗೆ ಹಿಡಿದೆ. ಒಳಗೆ ಯಾರೋ ಉಗುರಿನಲ್ಲಿ ಕೆರೆದ ಹಾಗೆ.

“ಅಮ್ಮಂಗೆ ಹೇಳ್ಬೇಡ ಮಾವ. ಊಟ ಬಿಟ್ಬಿಡ್ತಾಳೆ.”

ಹೇಳುವುದಿಲ್ಲ ಅಂದೆ. ಹೇಳುವ ಧೈರ್ಯ ನನಗೂ ಇಲ್ಲ.

25 ಜನವರಿ, ಮಂಗಳವಾರ

ಬರೆದುಬಿಡುತ್ತೇನೆ, ತಲೆಯೊಳಗೆ ಸುತ್ತುವುದಾದರೂ ನಿಲ್ಲಲಿ.

ಎರಡು ವರ್ಷದ ಹಿಂದೆ ಅಕ್ಕನ ಗಂಟಲಲ್ಲಿ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ಅಕ್ಕನ ಊರು ನಲ್ಲೂರಿನ ಸುತ್ತಮುತ್ತ ಯಾರ ಮನೆ ಮದುವೆಯಾದರೂ ಸೋಬಾನೆಗೆ ಕರೆ ಬರುತ್ತಿದ್ದದ್ದು ಅಕ್ಕನಿಗೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹುಣಿಸೆತೋಪಿನಲ್ಲಿ ಕೂತು ಒಂದು ಅರಿಶಿನದ ಪದ ಹಾಡಿದಳು. ಚಂದನಳ ಮದುವೆಗೆ ಅಂತ ತಾನೇ ಕಟ್ಟಿದ್ದು. ಮನೆಯ ಹೆಂಗಸರ ಹೆಸರೆಲ್ಲ ಅದರಲ್ಲಿದೆ. ಪ್ಲೇಯರ್‌ಗೆ ಬೆರಳುದ್ದದ ಮೈಕ್ ಸಿಕ್ಕಿಸಿ ಹಿಡಿದುಕೊಂಡಿದ್ದವನು ನಾನು. ಬೇರೆ ಯಾರೂ ಇರಲಿಲ್ಲ. ಆ ಪದ ಅವಳು ಪೂರ್ತಿ ಹಾಡಿದ್ದು ಅದೊಂದೇ ಸಲ.

ಈಗ ಅಕ್ಕನ ಮಾತೆಲ್ಲ ಸ್ಲೇಟು ಬಳಪದಲ್ಲಿ. ಫೆಬ್ರವರಿ 12ಕ್ಕೆ ಅರಿಶಿನದ ಶಾಸ್ತ್ರ, 13ಕ್ಕೆ ಧಾರೆ. ಶಾಸ್ತ್ರದ ಹೊತ್ತಿಗೆ ತನ್ನ ದನಿಯನ್ನೇ ಹಾಕಬೇಕು ಅಂತ ಮೈಕ್ ಸೆಟ್‌ನವನಿಗೆ ಆಗಲೇ ಬರೆದು ತೋರಿಸಿದ್ದಾಳೆ.

ಕಾಪಿ ಇಲ್ಲ. ಮಾಡಿಸಿಡ್ತೀನಿ ಅಂದವನು ನಾನೇ. ನಾಳೆ ನಾಳೆ ಅಂತ ಎರಡು ವರ್ಷ.

ಸಂಜೆ ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿ ವಿಜಯ್‌ಗೆ ತೋರಿಸಿದೆ. ಕಂಪ್ಯೂಟರ್ ರಿಪೇರಿಯೂ ಅವನದೇ. “ಇದ್ರೊಳಗೆ ಸಣ್ಣ ಹಾರ್ಡ್ ಡಿಸ್ಕ್ ಇರ್ತದೆ ಗುರು. ಅದು ಎಗರೋಗಿದೆ. ನಾನ್ ಈ ಥರದ್ದು ಬಿಚ್ಚಿಲ್ಲ, ಮುಟ್ಟಲ್ಲ. ಸಿಟಿಗೆ ಕೊಟ್ರೆ ಒಂದ್ ತಿಂಗ್ಳು ಅಂತಾರೆ.”

ನನಗಿರುವುದು ಹದಿನೆಂಟು ದಿನ.

26 ಜನವರಿ, ಬುಧವಾರ. ಬೆಳಿಗ್ಗೆ 11

ರಜೆ. ಬಾವುಟ ಹಾರಿಸಿ ಬೂಂದಿ ತಿಂದು ಆಫೀಸ್ ಬೀಗ ತೆಗೆದು ಒಬ್ಬನೇ ಕೂತೆ. ನೆಟ್‌ನಲ್ಲಿ ಯಾರೋ ಪುಣ್ಯಾತ್ಮ ಬಿಚ್ಚುವುದು ಹೇಗೆ ಅಂತ ಫೋಟೋ ಸಮೇತ ಹಾಕಿದ್ದ. ಪ್ರಿಂಟ್ ತೆಗೆದೆ. ಹನ್ನೊಂದು ಹಾಳೆ.

ಸ್ಕ್ರೂ ಒಂದೂ ಇಲ್ಲ. ಮುಂದಿನ ಭಾಗ, ಹಿಂದಿನ ತಗಡು, ಎರಡೂ ಒಂದಕ್ಕೊಂದು ಕಚ್ಚಿಕೊಂಡಿವೆ. ಫೈಲ್ ಹೊಲಿಯುವ ದಬ್ಬಳ ತೂರಿಸಿದೆ. ಜಾರಿತು. ತಗಡು ಸೊಟ್ಟಗಾಯಿತು, ಹೆಬ್ಬೆರಳಲ್ಲಿ ರಕ್ತ. ಆಮೇಲೆ ಹಳೆಯ ರೀಚಾರ್ಜ್ ಕಾರ್ಡು ಎರಡು ಕಡೆಯಿಂದ ತುರುಕಿ ನಿಧಾನಕ್ಕೆ ಎತ್ತಿದೆ. ಟಕ್ ಅಂತ ಬಾಯಿ ಬಿಟ್ಟಿತು. ಪೂರ್ತಿ ಎಳೆಯಬಾರದು, ಬ್ಯಾಟರಿಯ ವೈರಿನ ಪಟ್ಟಿ ಹರಿಯುತ್ತದೆ ಅಂತ ಮೂರನೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಉಸಿರು ಹಿಡಿದುಕೊಂಡೇ ಓದಿದೆ.

ಒಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಿಸ್ಕು. ನಾಲ್ಕು ಮೂಲೆಗೆ ನೀಲಿ ರಬ್ಬರು. ಅಕ್ಕನ ದನಿ ಇರುವುದು ಇಷ್ಟರಲ್ಲಿ. ಮುಟ್ಟಲು ಭಯವಾಯಿತು. ಹಾಗೇ ಮುಚ್ಚಿಟ್ಟೆ.

28 ಜನವರಿ, ಶುಕ್ರವಾರ

ಅರ್ಧ ದಿನ ರಜೆ ಕೇಳಿದ್ದಕ್ಕೆ ಗೋಪಾಲಪ್ಪನವರು ಗೊಣಗಿದರು. ಸಿಟಿಯ ಎಸ್.ಪಿ. ರೋಡಿನಲ್ಲಿ ಏಳು ಅಂಗಡಿ ಸುತ್ತಿ ಅದೇ ಅಳತೆಯ ಡಿಸ್ಕು ತಂದೆ. ಹಳೆಯದನ್ನು ಕಂಪ್ಯೂಟರಿಗೆ ಸಿಕ್ಕಿಸಲು ಒಂದು ಕನ್ವರ್ಟರ್.

ಲೆಕ್ಕಾಚಾರ ಇಷ್ಟೇ. ಹೊಸ ಡಿಸ್ಕು ಪ್ಲೇಯರ್ ಒಳಗೆ. ಹಳೆಯದು ಕನ್ವರ್ಟರಿಗೆ. ಅದರಿಂದ ಪದ ಎಳೆದು ಇದಕ್ಕೆ ಹಾಕುವುದು.

30 ಜನವರಿ, ಭಾನುವಾರ. ಸಂಜೆ 5

ಆಯಿತು!

ಹೊಸ ಡಿಸ್ಕಿನ ಪಟ್ಟಿ ಸಿಕ್ಕಿಸುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಕಪ್ಪು ಕೊಂಡಿ, ಕಣ್ಣ ರೆಪ್ಪೆಯ ಹಾಗೆ. ಅದನ್ನು ಎತ್ತಿ ಪಟ್ಟಿ ತಳ್ಳಿ ಮತ್ತೆ ಒತ್ತಬೇಕು. ಮೂರು ಸಲ ತಪ್ಪಿತು, ನಾಲ್ಕನೆಯದಕ್ಕೆ ಕೂತಿತು. ಕಂಪ್ಯೂಟರಿಗೆ ಹಾಕಿದೆ. ಪ್ಲೇಯರ್ ಕಾಣಿಸುತ್ತಿದೆ, ರಿಸ್ಟೋರ್ ಮಾಡಬೇಕು ಅಂತ ಬಂತು. ಒತ್ತಿದೆ. ಎಲ್ಲ ಅಳಿಸಿಹೋಗುತ್ತದೆ, ಸರಿಯೇ ಅಂತ ಇನ್ನೊಂದು ಪೆಟ್ಟಿಗೆ. ಹೊಸ ಡಿಸ್ಕಿನಲ್ಲಿ ಅಳಿಸಲು ಏನಿದೆ? ಓಕೆ. ಐದು ನಿಮಿಷಕ್ಕೆ ಸತ್ತದ್ದು ಎದ್ದಿತು. ಪರದೆ ಬೆಳಗಿತು.

ಚಂದನಳಿಗೆ ಫೋನ್ ಮಾಡಿದೆ. “ಮಾವ, ನೀನು ಇಂಜಿನಿಯರ್ ಆಗ್ಬೇಕಿತ್ತು ಕಣೋ” ಅಂದಳು. ಹೊಗಳಿಕೆ ಒಳಕ್ಕೆ ಇಳಿಯಿತು. ಇಳಿಯಬಾರದಿತ್ತೇನೋ.

1 ಫೆಬ್ರವರಿ, ಮಂಗಳವಾರ

ಹಳೆಯ ಡಿಸ್ಕು ಕನ್ವರ್ಟರಿನಲ್ಲಿ ತಿರುಗುತ್ತಿಲ್ಲ. ಟಿಕ್ ಸದ್ದೂ ಇಲ್ಲ. ಎರಡು ದಿನದಿಂದ ಇದೇ. ಮೂರನೇ ಸಲ ಕರೆಂಟ್ ಬೇರೆ ಹೋಯಿತು.

ಒಂದು ಯೋಚನೆ. ಇದು ತನ್ನ ಮನೆಯಲ್ಲಿ ಮಾತ್ರ ಏಳುವ ಜಾತಿಯಿರಬಹುದು. ಹಳೆಯದನ್ನೇ ಪ್ಲೇಯರ್ ಒಳಗೆ ವಾಪಸ್ ಹಾಕಿ ಕಂಪ್ಯೂಟರಿಗೆ ಸಿಕ್ಕಿಸಿದರೆ?

2 ಫೆಬ್ರವರಿ, ಬುಧವಾರ. ಸಂಜೆ 6.20

ಹಾಕಿದೆ. ತಿರುಗಿತು. ಕಂಪ್ಯೂಟರ್ ಗುರುತಿಸಿತು. ರಿಸ್ಟೋರ್ ಮಾಡಬೇಕು ಅಂತ ಬಂತು. ಒತ್ತಿದೆ. ಇನ್ನೊಂದು ಪೆಟ್ಟಿಗೆ ಬಂತು, ಭಾನುವಾರ ಓದಿದ್ದೇ. ಓಕೆ.

ಹಾಡು: 0
ವಾಯ್ಸ್ ಮೆಮೊ: 0

ಅಯ್ಯೋ.

6 ಫೆಬ್ರವರಿ, ಭಾನುವಾರ

ಮೂರು ದಿನ ಈ ಪುಸ್ತಕ ಮುಟ್ಟಲಿಲ್ಲ.

ನೂರಾರು ಅರ್ಜಿಯಲ್ಲಿ ‘ರಿಸ್ಟೋರ್’ ಅಂತ ಟೈಪ್ ಮಾಡಿದ್ದೇನೆ. ರಿಸ್ಟೋರ್ ಅಂದರೆ ಇದ್ದದ್ದು ಇದ್ದ ಹಾಗೆ ವಾಪಸ್. ಗೈರುಹಾಜರಿಯಿಂದ ಬಿದ್ದದ್ದು ನಿಂತ ಜಾಗದಿಂದ ಮುಂದಕ್ಕೆ. ಆ ಪೆಟ್ಟಿಗೆಗೆ ಅದರರ್ಥ ಬೇರೆ. ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ. ಬರಿದು.

ಅಳಿಸಿಹೋಗುತ್ತದೆ ಅಂತ ಬರೆದಿತ್ತು. ಇಂಗ್ಲಿಷ್ ಬರದವನಲ್ಲ ನಾನು. ಓದದೆ ಒತ್ತಿದೆ. ಕಕ್ಷಿದಾರರಿಗೆಲ್ಲ ‘ಓದಿ ಸೈನ್ ಹಾಕ್ರಪ್ಪ’ ಅಂತ ಗದರುವವನು.

ಇವತ್ತು ನಲ್ಲೂರಿಗೆ ಹೋಗಲೇಬೇಕಾಯಿತು. ಚಪ್ಪರದ ಗಳ ತಂದಿದ್ದರು. ಅಕ್ಕ ಸ್ಲೇಟ್ ಹಿಡಿದು ಬಂದಳು. “ಪದ?” ಅಂತ ಎರಡೇ ಅಕ್ಷರ. “ಐತೆ ಅಕ್ಕ, ಭದ್ರವಾಗೈತೆ” ಅಂದೆ. ನಕ್ಕು ನನ್ನ ಕೆನ್ನೆ ತಟ್ಟಿದಳು. ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ. ಇಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

7 ಫೆಬ್ರವರಿ, ಸೋಮವಾರ

ವಿಜಯ್ ಮುಂದೆ ಬಾಯಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಮೊದಲು ಕೇಳಿದ್ದು, “ಆಮೇಲೆ ಅದರ ಮೇಲೆ ಬೇರೆ ಹಾಡೇನಾದ್ರೂ ಹಾಕಿದ್ಯಾ?”

“ಇಲ್ಲ.”

“ಬದುಕ್ದೆ. ನಿಮ್ ಕೇಸ್ ಫೈಲ್ ಮೇಲಿನ ಇಂಡೆಕ್ಸ್ ಹರಿದಾಕಿದ್ರೆ ಒಳಗಿನ ಹಾಳೆ ಹೋಗ್ಬಿಡ್ತವಾ? ಇಲ್ಲೂ ಹಂಗೇ ಗುರು. ಹಾಳೆ ಒಳಗೇ ಇರ್ತವೆ. ಹುಡ್ಕೋ ಸಾಫ್ಟ್‌ವೇರ್ ಐತೆ. ಆದ್ರೆ ಈ ಡಿಸ್ಕ್ ಸಾಯ್ತಾ ಐತೆ. ತಿರುಗಿದಷ್ಟೂ ಕೆರೀತದೆ. ಒಂದೇ ಚಾನ್ಸು.”

ನಾಳೆ ಕೂರುತ್ತೇವೆ. ಅವನ ಅಂಗಡಿಯಲ್ಲಿ ಯುಪಿಎಸ್ ಇದೆ.

8 ಫೆಬ್ರವರಿ, ಮಂಗಳವಾರ. ಬೆಳಿಗ್ಗೆ 8

ಹಳೆಯ ಡಿಸ್ಕನ್ನು ಪ್ಲೇಯರ್ ಒಳಗೇ ಬಿಟ್ಟು ಶುರು ಮಾಡಿದೆವು. ಶೇಕಡ ಎರಡು.

11.30
ಶೇಕಡ ಹದಿನಾಲ್ಕು. ಕೋರ್ಟಿನಿಂದ ಓಡಿ ಬಂದು ನೋಡಿದೆ. ಡಿಸ್ಕು ಬಿಸಿ. ವಿಜಯ್ ಟೇಬಲ್ ಫ್ಯಾನ್ ತಿರುಗಿಸಿದ್ದಾನೆ. ಜೆರಾಕ್ಸ್ ಹಾಳೆಗಳೆಲ್ಲ ಹಾರುತ್ತಿವೆ.

1.45
ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿದೆ. ಇಪ್ಪತ್ತು ನಿಮಿಷ ತಡೆಯುತ್ತದಂತೆ.

2.02
ಬಂತು. ಕೈ ಬೆವರು ಪಂಚೆಗೆ ಒರೆಸಿಕೊಂಡೆ.

4.15
ಶೇಕಡ ಮೂವತ್ತೊಂದು. ಟಿಕ್. ಟಿಕ್. ಆಮೇಲೆ ಬಿಡದೆ ಟಿಕ್ ಟಿಕ್ ಟಿಕ್… ನಿಂತಿತು. ಮತ್ತೆ ಏಳಲಿಲ್ಲ. ವಿಜಯ್ ಅದನ್ನು ಮೇಜಿನ ಮೇಲಿಟ್ಟು ಫ್ಯಾನ್ ಆರಿಸಿದ.

ಅಷ್ಟರಲ್ಲಿ ಸಿಕ್ಕಿದ್ದು ಹನ್ನೊಂದು ಫೈಲು. ಯಾವುದಕ್ಕೂ ಹೆಸರಿಲ್ಲ, ನಂಬರ್ ಮಾತ್ರ. ಒಂದೊಂದೇ ಹಾಕಿದೆವು. ಗೊರ್ ಸದ್ದು. ಯಾವುದೋ ಸಿನಿಮಾ ಹಾಡಿನ ತುಂಡು. ಗೊರ್ ಸದ್ದು. ಒಂಬತ್ತನೆಯದರಲ್ಲಿ ಒಂದು ಕೆಮ್ಮು.

ಅಕ್ಕನ ಕೆಮ್ಮು. ಆಮೇಲೆ ಅಕ್ಕ.

ಮೂವತ್ತೆಂಟು ಸೆಕೆಂಡು. ಎರಡನೇ ಸಾಲಿನ ಮೊದಲ ಮಾತಿಗೇ ಕಡಿದುಹೋಗಿದೆ. ಪೂರ್ತಿ ಪದ ಇದ್ದದ್ದು ಆರು ನಿಮಿಷ.

9 ಫೆಬ್ರವರಿ, ಬುಧವಾರ

ಈ ಸಲ ಮೊದಲು ಕಾಪಿ. ಮೂರು ಸಿಡಿ, ವಿಜಯ್ ಕಂಪ್ಯೂಟರ್, ಹೊಸ ಡಿಸ್ಕು ಹಾಕಿದ ಪ್ಲೇಯರ್.

ಗೋಪಾಲಪ್ಪನವರು ಹಿಡಿದುಬಿಟ್ಟರು. “ಏನಯ್ಯ, ಒಂದು ವಾರದಿಂದ ಸೆಕ್ಷನ್ ನಂಬರೆಲ್ಲ ತಪ್ಪು ಹೊಡೀತಿದ್ದೀಯ.” ಹೇಳಿದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ತಡ ಆಗಿದೆ, ನಿಜ. ತಡ ಮನ್ನಾ ಮಾಡಿ ಅಂತ ಅರ್ಜಿ ಹಾಕುವಾಗ ಏನು ಮಾಡ್ತೀಯ? ಒಂದೊಂದು ದಿನಕ್ಕೂ ಕಾರಣ ಕೊಡ್ತೀಯ ತಾನೆ. ಹಂಗೇ ಹೇಳು ನಿಮ್ಮಕ್ಕಂಗೆ. ಒಂದು ದಿನಾನೂ ಮುಚ್ಚಿಡಬೇಡ.”

ಹದಿನಾರು ವರ್ಷದಲ್ಲಿ ಈ ಮನುಷ್ಯ ನನಗೆ ಕೊಟ್ಟ ಮೊದಲ ಬಿಟ್ಟಿ ಸಲಹೆ.

10 ಫೆಬ್ರವರಿ, ಗುರುವಾರ. ಸಂಜೆ

ಹೇಳಿದೆ.

ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. 24ನೇ ತಾರೀಖಿನಿಂದ ಶುರು ಮಾಡಿದೆ. ವ್ಯಾನು, ದಬ್ಬಳ, ಹೊಸ ಡಿಸ್ಕು, ರಿಸ್ಟೋರ್. ಭಾನುವಾರ ಹೇಳಿದ ಸುಳ್ಳನ್ನೂ ಹೇಳಿದೆ. ತಲೆ ಎತ್ತಲಿಲ್ಲ ಅವಳು. ಅಕ್ಕಿಯ ಮೇಲೆ ಕೈ ಮಾತ್ರ ನಿಂತಿತ್ತು. ಚಂದನ ಕಂಬ ಹಿಡಿದು ಅಳುತ್ತಿದ್ದಳು.

ಪ್ಲೇಯರ್ ಒತ್ತಿದೆ. ಕೆಮ್ಮು. ಆಮೇಲೆ, “ನೆಟ್ಗೆ ಹಿಡ್ಕಳೋ ಬೀರ, ಕೈ ಯಾಕ್ ಅಂಗ್ ನಡುಗ್ತದೆ.” ಆಮೇಲೆ ಪದ. “ಅಕ್ಕಯಮ್ಮ ಅರೆದವ್ಳೆ ಅಂಗಳದ ಅರಿಶಿನ, ಸೋಬಾನೆ… ಮೊಮ್ಮಗಳ” — ಅಷ್ಟೇ. ಅಕ್ಕಯಮ್ಮ ಅಂದರೆ ಅಕ್ಕನ ಅತ್ತೆ, ತೀರಿಕೊಂಡು ಬಹಳ ಕಾಲವಾಯಿತು.

ಎರಡು ವರ್ಷದಲ್ಲಿ ಅಕ್ಕ ತನ್ನ ದನಿ ಕೇಳಿದ್ದು ಇದೇ ಮೊದಲು. ಕೊರಳಿಗೆ ಸುತ್ತಿದ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಮತ್ತೆ ಹಾಕಲಾ ಅಂದೆ. ಬೇಡ ಅಂತ ಕೈ. ಸ್ಲೇಟ್ ಒರೆಸಿದಳು. ಬರೆದಳು.

“ಮಿಕ್ಕಿದ್ದು ನೀನು ಹಾಡು.”

“ಅಕ್ಕ, ಸೋಬಾನೆ ಹೆಂಗಸ್ರು ಹಾಡೋದು. ನಾನ್ ಹಾಡಿದ್ರೆ ಊರೇ ನಗ್ತದೆ.”

ಬರೆದದ್ದರ ಕೆಳಗೆ ಗೆರೆ ಎಳೆದಳು. ಬಳಪ ಮುರಿಯಿತು.

11 ಫೆಬ್ರವರಿ, ಶುಕ್ರವಾರ

ರಜೆ ಹಾಕಿದೆ. ಇಡೀ ದಿನ ಅಕ್ಕನ ಮುಂದೆ ಚಕ್ಕಂಬಕ್ಕಳ.

ಅವಳು ಸಾಲು ಬರೆಯುತ್ತಾಳೆ, ನಾನು ಹಾಡಬೇಕು. ಧಾಟಿ ಆ ಮೂವತ್ತೆಂಟು ಸೆಕೆಂಡಿನದ್ದು. ತಪ್ಪಿದರೆ ತೊಡೆಗೆ ಸ್ಲೇಟಿನಲ್ಲಿ ಏಟು. ದನಿ ಎಲ್ಲಿ ಏರಬೇಕೋ ಅಲ್ಲಿ ನನ್ನ ಗದ್ದ ಹಿಡಿದು ಎತ್ತುತ್ತಾಳೆ. ಪಕ್ಕದ ಮನೆ ಮುನಿವೆಂಕಟಮ್ಮ ಇಣುಕಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗಲಿ. ಏಳನೇ ಸಾಲಿನಲ್ಲಿ ಅವಳ ಹೆಸರೂ ಇದೆ.

ಹತ್ತೊಂಬತ್ತು ಸಾಲು. ಐದನೆಯದು ನಿಲ್ಲುತ್ತಲೇ ಇಲ್ಲ.

ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. “ಕೋಪ ಐತಾ ಅಕ್ಕ?”

“ಐತೆ” ಅಂತ ಬರೆದಳು. ನಾನು ನೋಡುವವರೆಗೂ ಹಿಡಿದಿದ್ದಳು. ಆಮೇಲೆ ಒರೆಸಿ, “ಐದನೇ ಸಾಲು.”

12 ಫೆಬ್ರವರಿ, ಶನಿವಾರ. ಬೆಳಿಗ್ಗೆ 9.40

ದನದ ಕೊಟ್ಟಿಗೆ. ಮಂಡಿ ಮೇಲೆ ಪುಸ್ತಕ. ಹೊಸ ಪಂಚೆಯ ಗಂಜಿ ಕೆರೆಯುತ್ತಿದೆ. ಎರಡು ಚೊಂಬು ನೀರು ಕುಡಿದಾಗಿದೆ.

ಅಂಗಳ ತುಂಬ ಹೆಂಗಸರು. ಚಂದನ ಹಸೆಮಣೆ ಮೇಲೆ ಕೂತಾಗಿದೆ. ಮೊದಲು ಅಕ್ಕನ ದನಿ ಹಾಕುತ್ತಾರೆ. ಅದು ಕತ್ತರಿಸಿದ ಜಾಗದಿಂದ ನಾನು ಎತ್ತಿಕೊಳ್ಳಬೇಕು. ನಡುವೆ ಒಂದು ಉಸಿರಿನಷ್ಟೂ ಸಂದು ಬೀಳಬಾರದು ಅಂತ ಅಕ್ಕನ ಅಪ್ಪಣೆ. ಹತ್ತು ಗಂಟೆಗೆ ಅಂದಿದ್ದಾರೆ. ಇನ್ನೊಂದು ಸಲ ಹೇಳಿಕೊಂಡು ನೋಡುತ್ತೇನೆ. ಎರಡನೇ ಸಾಲು ಬರುತ್ತೆ. ಮೂರು, ನಾಲ್ಕು ಬರುತ್ತೆ. ಐದು—

ಸ್ಪೀಕರ್‌ನಲ್ಲಿ ಕೆಮ್ಮು.

ಹತ್ತಾಗಿಲ್ಲ ಇನ್ನೂ! ಹಾಕಿಬಿಟ್ಟರು. “ನೆಟ್ಗೆ ಹಿಡ್ಕಳೋ ಬೀರ…” ಯಾರೋ ಬಿಕ್ಕಿದರು. ಅಕ್ಕ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೈ ಚಾಚಿದ್ದಾಳೆ. ಅಕ್ಕಯಮ್ಮ ಅರೆದವ್ಳೆ ಬಂತು. ಬಂದೆ ಅಕ್ಕ, ಬಂದೆ. ಮೊಮ್ಮಗಳ