ಓಡುವ ಎದೆ ಬೇರೆ, ಎಡವುವ ಎದೆ ಬೇರೆ: ಬಂದರಿನ ವೈದ್ಯಾಧಿಕಾರಿಗಳಿಗೆ

ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಹೃದಯ ಸರಿಹೋಗಿ ಮೂರು ತಿಂಗಳಾಯಿತು. ಈ ಸಂಗತಿ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಿಗೆ ಗೊತ್ತು, ಅವರ ಮೆಷಿನ್ನಿಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತು, ನನ್ನ ಕೂದಲು ಕತ್ತರಿಸುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ತಮಗೊಬ್ಬರಿಗೇ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದನ್ನು ಎರಡು ಸಲ ನನ್ನ ಬೆರಳಿಗೆ ಸಿಕ್ಕಿಸಿದಿರಿ, ಎರಡು ಸಲವೂ ‘ಅನರ್ಹ’ ಎಂದಿರಿ. ಬರುವ ಸೋಮವಾರ ಮೂರನೆಯ ಸಲ. ಅವತ್ತೂ ಅದೇ ಮಾತು ಬಂದರೆ ನಾನು ಇನ್ನು ಈ ಜನ್ಮದಲ್ಲಿ ಕ್ರೇನ್ ಹತ್ತುವಂತಿಲ್ಲ, ಅದು ಬಂದರಿನ ನಿಯಮ. ಇದನ್ನೆಲ್ಲ ತಮ್ಮ ಕೋಣೆಗೇ ಬಂದು ಹೇಳಬಹುದಿತ್ತಲ್ಲ ಎಂದು ಕೇಳಬಹುದು. ತಮ್ಮ ಬಾಗಿಲು ಕಂಡರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಹತ್ತು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ಅದಕ್ಕೂ ಅನರ್ಹ ಎನ್ನಬೇಡಿ.

ನನ್ನ ಕೆಲಸ ಏನೆಂದು ಪತ್ರಿಕೆ ಓದುವವರಿಗಾಗಿ ಹೇಳುತ್ತೇನೆ, ತಾವು ಆ ಏಣಿ ಹತ್ತಿ ನೋಡಿದ್ದಿಲ್ಲವಾದ್ದರಿಂದ ತಾವೂ ಓದಿಕೊಳ್ಳಬಹುದು. ಹಡಗಿನಿಂದ ಇಳಿದ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಯಾರ್ಡಿನಲ್ಲಿ ಒಂದರ ಮೇಲೊಂದು ಪೇರಿಸುವ ಕ್ರೇನ್ ನನ್ನದು. ಮೇಲೆ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತಿರಬೇಕು. ಗಾಳಿಯ ಸದ್ದಿನಲ್ಲಿ ಕೆಳಗಿನ ಮಾತು ಕೇಳುವುದಿಲ್ಲ. ಕೆಳಗೆ ಕೈಸನ್ನೆಯವನು ನಿಂತಿರುತ್ತಾನೆ. ಅವನು ಮುಷ್ಟಿ ಹಿಡಿದರೆ ನಿಲ್ಲಿಸಬೇಕು, ಅಂಗೈ ಕೆಳಗೆ ಮಾಡಿದರೆ ಇಳಿಸಬೇಕು. ನನ್ನ ಕಣ್ಣು ಅವನ ಕೈಯ ಮೇಲೆ, ಅವನ ಜೀವ ನನ್ನ ಕೈಯಲ್ಲಿ. ಎಷ್ಟೋ ದಿನ ಆ ಕೈಸನ್ನೆಯವನು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಹೀಗಿರುವಾಗ ಎದೆ ಕೆಟ್ಟಿದ್ದರೂ ನಾನು ಸುಳ್ಳು ಹೇಳಿ ಮೇಲೆ ಹತ್ತುತ್ತೇನೆಯೇ? ಹತ್ತಿ ಏನಾದರೂ ಆದರೆ ಮನೆಗೆ ಹೋಗಿ ಯಾವ ಮುಖ ತೋರಿಸಲಿ?

ನಾನು ಹುಟ್ಟಾ ಅಂಜುಬುರುಕ, ಒಪ್ಪುತ್ತೇನೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವವನು, ಜಗ್ಗಿದ್ದರಿಂದಲೇ ಬೀಗ ಸಡಿಲವಾಯಿತೇನೋ ಎಂದು ಮತ್ತೆ ಜಗ್ಗುವವನು. ಮನೆಯಲ್ಲಿ ಈ ಗುಣಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆದರೆ ಕ್ರೇನಿನಲ್ಲಿ ಇದೇ ನನ್ನನ್ನು ಇಷ್ಟು ವರ್ಷ ಕಾಪಾಡಿತು. ಪೆಟ್ಟಿಗೆಯ ನಾಲ್ಕು ಮೂಲೆಯೂ ಕೊಕ್ಕೆಗೆ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡದೆ ನಾನು ಒಂದು ಗೇಣೂ ಎತ್ತಿದವನಲ್ಲ.

ಆ ದಿನ ಬೆಳಿಗ್ಗೆ ಗೂಡಿನಲ್ಲಿ ಕೂತು ಇನ್ನೂ ಭಾರ ಎತ್ತಿರಲಿಲ್ಲ. ಎದೆಯೊಳಗೆ ಯಾರೋ ತಗಡಿನ ಮೇಲೆ ಹಿಡಿ ಕಾಳು ಚೆಲ್ಲಿದ ಹಾಗಾಯಿತು. ಒಂದು ಹೊಡೆತ, ಆಮೇಲೆ ಏನೂ ಇಲ್ಲ, ಆಮೇಲೆ ದಬದಬ ನಾಲ್ಕು, ಮತ್ತೆ ಖಾಲಿ. ನಾನು ಖಾಲಿ ಕೊಕ್ಕೆಯನ್ನು ನೆಲಕ್ಕೆ ಮುಟ್ಟಿಸಿ, ಯಂತ್ರ ಆರಿಸಿ, ಏಣಿ ಹಿಡಿದು ಇಳಿದೆ. ಭಾಮೈದ ಓಡಿ ಬಂದ.

“ಏನ್ ಭಾವ, ಅಕ್ಕ ಅಲ್ಲಿಗೂ ಬಂದು ಬೈದ್ಲಾ? ಮುಖ ಸುಣ್ಣ ಆಗಿದೆ.”

“ಎದೆ ಯಾಕೋ ಸರಿ ಇಲ್ಲ ಕಣೋ.”

“ಗ್ಯಾಸ್ ಇರ್ಬೇಕು. ಸುಮ್ನೆ ಹತ್ತು, ಮೇಸ್ತ್ರಿ ನೋಡ್ತಿದಾನೆ.”

ನಾನು ಹತ್ತಲಿಲ್ಲ. ನೆಟ್ಟಗೆ ತಮ್ಮ ಕೋಣೆಗೆ ಬಂದೆ. ಯಾರೂ ಹಿಡಿದು ತರಲಿಲ್ಲ, ಮಾನ್ಯರೇ, ನಾನಾಗಿಯೇ ಬಂದೆ. ತಾವು ಆವತ್ತು ಬೆನ್ನು ತಟ್ಟಿ, “ಒಳ್ಳೆ ಕೆಲ್ಸ ಮಾಡಿದ್ರಿ. ಎಲ್ರೂ ಹಿಂಗೇ ಬಂದು ಹೇಳ್ಬೇಕು” ಎಂದಿರಿ. ಆ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ದೊಡ್ಡಾಸ್ಪತ್ರೆಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಬಾಯಿ ತಿರುಗದ ಹೆಸರು, ನನ್ನ ಹೆಂಡತಿ ಇವತ್ತಿಗೂ ಅದನ್ನು ‘ಆ ಫೈಬರ್ ಕಾಯಿಲೆ’ ಎನ್ನುತ್ತಾಳೆ. ಹೃದಯದ ಮೇಲಿನ ಕೋಣೆಗಳು ಹೊಡೆಯುವ ಬದಲು ಗಡಗಡ ನಡುಗುತ್ತವಂತೆ, ಕೆಳಗಿನ ಕೋಣೆಗಳು ಯಾವ ಸನ್ನೆ ನಂಬುವುದೆಂದು ತಿಳಿಯದೆ ಮನಸ್ಸಿಗೆ ಬಂದ ಹಾಗೆ ಹೊಡೆಯುತ್ತವಂತೆ. ನನಗೆ ತಕ್ಷಣ ಅರ್ಥವಾಯಿತು. ಕೈಸನ್ನೆಯವನು ಹತ್ತು ಕೈ ಒಟ್ಟಿಗೆ ಆಡಿಸಿದರೆ ಕ್ರೇನಿನವನು ಏನು ಮಾಡಿಯಾನು? ರಕ್ತ ಹೆಪ್ಪುಗಟ್ಟದಂತೆ ಕೆಲವು ವಾರ ಗುಳಿಗೆ ಕೊಟ್ಟರು. ಆಮೇಲೆ ಒಂದು ದಿನ ನಿದ್ದೆ ಬರಿಸಿ ಎದೆಗೆ ಕರೆಂಟು ಕೊಟ್ಟರು. ಎಚ್ಚರವಾದಾಗ ಎದೆಯೊಳಗೆ ಎಂಥ ನಿಶ್ಶಬ್ದ ಗೊತ್ತೇ! ಪಕ್ಕದ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಜಗಳ ಇದ್ದಕ್ಕಿದ್ದಂತೆ ನಿಂತ ಹಾಗೆ. ನಾನು ಹೆದರಿ, “ನಿಂತೇ ಹೋಯ್ತಾ ಡಾಕ್ಟ್ರೇ?” ಎಂದು ಕೇಳಿದೆ. ಆ ಡಾಕ್ಟರ್ ತಾಯಿ ನಕ್ಕು, “ಇಲ್ಲಪ್ಪ, ಲಯಕ್ಕೆ ಬಂತು” ಎಂದರು.

ಲಯ! ಇಂಥ ತೂಕದ ಮಾತು ನನ್ನಂಥವನ ಎದೆಗೆ ಸಂದದ್ದು ಅದೇ ಮೊದಲು. ಮನೆಗೆ ಬಂದವನೇ ಅದನ್ನೇ ಹೇಳಬೇಕೆಂದು ಬಾಗಿಲಲ್ಲೇ ನಿಂತು, “ನನ್ನ ಹೃದಯ ಲಯವಾಯಿತು!” ಎಂದೆ. ಒಳಗಿದ್ದ ನನ್ನ ಅಕ್ಕ ಎದೆ ಬಡಿದುಕೊಂಡು, “ಅಯ್ಯೋ ನನ್ನಪ್ಪಾ! ಲಯ ಆದ್ರೆ ಇನ್ನೇನೋ ಉಳೀತು?” ಎಂದು ಗೋಳಾಡಿದಳು. ಹೆಂಡತಿ, “ಲಯ ಆದೋರು ಹಿಂಗೆ ಚಪ್ಪಲಿ ಹಾಕ್ಕೊಂಡು ಒಳಗೆ ನುಗ್ತಾರಾ ಅತ್ತಿಗೆ? ಆಚೆ ಬಿಟ್ಟು ಬಾ ಅನ್ನಿ ನಿಮ್ಮ ತಮ್ಮನಿಗೆ” ಎಂದಳು. ಲಯಕ್ಕೆ ಬರುವುದೆಂದರೆ ತಾಳಕ್ಕೆ ಬರುವುದು, ಲಯವಾಗುವುದೆಂದರೆ ನಾಶವಾಗುವುದು ಎಂದು ಆವತ್ತು ಎಷ್ಟು ತಿದ್ದಿದರೂ ನನ್ನ ತಲೆಗೆ ಹತ್ತಲಿಲ್ಲ. ಅಧಿಕಾರಿಗಳ ಮುಂದೆ ಶುದ್ಧವಾಗಿ ಮಾತಾಡಬೇಕೆಂಬ ಗಾಬರಿ ಬೇರೆ. ತಮ್ಮ ಮೊದಲ ಪರೀಕ್ಷೆಗೆ ಬಂದಾಗ ತಾವು “ಈಗ ಹೇಗಿದೆ?” ಎಂದಿರಿ. ನಾನು ನೆಟ್ಟಗೆ ನಿಂತು, “ಹೃದಯ ಪೂರ್ತಿ ಲಯವಾಗಿದೆ ಸಾರ್” ಎಂದೆ.

“ಪೂರ್ತಿ ಲಯ ಆಗಿದ್ರೆ ಇಲ್ಲಿಗ್ಯಾಕಪ್ಪ ಬಂದೆ? ಸೀದಾ ಮೇಲಕ್ಕೇ ಹೋಗ್ಬೇಕಿತ್ತು!”

ತಾವು ನಕ್ಕಿರಿ. ಗುಮಾಸ್ತರು ನಕ್ಕರು. ಸಾಲಿನಲ್ಲಿ ಕಾಯುತ್ತಿದ್ದ ಹಮಾಲರು ಏನೆಂದು ತಿಳಿಯದಿದ್ದರೂ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಿವಿ ಬಿಸಿಯಾಗಿ, ಬೆವರು ಒಡೆದು, ಎದೆ ಓಟ ಕಿತ್ತಿತು. ಸರಿಯಾಗಿ ಆ ಹೊತ್ತಿಗೆ ತಾವು ಕ್ಲಿಪ್ಪು ಸಿಕ್ಕಿಸಿದಿರಿ. ನಾಡಿ ನೂರು ದಾಟಿತು, ಅನರ್ಹ. ಆಸ್ಪತ್ರೆಯವರು ಕೊಟ್ಟ ಹೃದಯದ ಗೀಟಿನ ಕಾಗದ ತೋರಿಸಿದರೆ, “ಅದು ಅವ್ರ ಮೆಷಿನ್ನು. ಇದು ನಮ್ಮ ಮೆಷಿನ್ನು” ಎಂದಿರಿ. ಎದೆ ಮಾತ್ರ ಎರಡೂ ಕಡೆ ನನ್ನದೇ ಆಗಿತ್ತಲ್ಲ, ಮಾನ್ಯರೇ?

ಎರಡನೆಯ ಸಲ ನಾನು ಬಾಯೇ ಬಿಡಬಾರದೆಂದು ತೀರ್ಮಾನಿಸಿ ಬಂದೆ. ಆದರೆ ಬಾಯಿ ಮುಚ್ಚಿದರೆ ಎದೆ ಸುಮ್ಮನಿರುತ್ತದೆಯೇ? ಮೊದಲ ಸಲದ ನಗು ಕಿವಿಯಲ್ಲೇ ಇತ್ತು. ಮತ್ತೆ ಓಡಿತು. “ಸಾರ್, ಇದು ಭಯಕ್ಕೆ…” ಎಂದೆ. ತಾವು, “ಇಷ್ಟಕ್ಕೇ ಭಯ ಬೀಳೋನು ಕ್ರೇನ್ ಓಡಿಸ್ತೀಯಾ?” ಎಂದಿರಿ. ಇದಕ್ಕೆ ಆವತ್ತು ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಮೇಲೆ ಕೂತಾಗ ನನಗೆ ಭಯವಾಗುವುದು ಕೊಕ್ಕೆಯ ವಿಷಯಕ್ಕೆ, ಆ ಭಯಕ್ಕೆ ಮದ್ದು ನನ್ನ ಕೈಯಲ್ಲೇ ಇದೆ, ಇನ್ನೊಂದು ಸಲ ನೋಡಿದರಾಯಿತು. ತಮ್ಮ ಕೋಣೆಯಲ್ಲಿ ಕೊಕ್ಕೆ ತಮ್ಮ ಕೈಯಲ್ಲಿದೆ, ತೂಗುತ್ತಿರುವವನು ನಾನು.

ಆಸ್ಪತ್ರೆಯ ಡಾಕ್ಟರು ಮನೆಗೆ ಕಳಿಸುವಾಗ ಒಂದು ಮಾತು ಹೇಳಿದ್ದರು: “ಜೋರಾಗಿ ಹೊಡ್ಕೊಂಡ್ರೆ ಗಾಬರಿ ಆಗ್ಬೇಡಿ. ಮೆಟ್ಟಿಲು ಹತ್ತಿದ್ರೂ ಹೊಡ್ಕೊಳ್ಳುತ್ತೆ, ಹೆಂಡ್ತಿ ಕೂಗಿದ್ರೂ ಹೊಡ್ಕೊಳ್ಳುತ್ತೆ. ತಾಳ ತಪ್ಪಿ ಹೊಡ್ಕೊಂಡ್ರೆ ತಕ್ಷಣ ಬನ್ನಿ.” ಓಡುವುದು ಬೇರೆ, ಎಡವುವುದು ಬೇರೆ. ಓಡುವ ಎತ್ತನ್ನು ಕುಂಟೆತ್ತು ಎಂದು ಯಾರಾದರೂ ಕರೆಯುತ್ತಾರೆಯೇ? ತಮ್ಮ ಕ್ಲಿಪ್ಪಿನ ಕಿಟಕಿಯಲ್ಲಿ ಒಂದು ಅಂಕಿ ಬರುತ್ತದೆ, ಅಷ್ಟೇ. ಅದು ಎಷ್ಟು ವೇಗ ಎಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ತಾವು ಓದಿದವರು, ತಮಗೆ ಇದು ತಿಳಿಯದೆಂದು ಹೇಳಲು ನಾನು ಯಾರು? ತಿಳಿದೂ ಅಂಕಿಯನ್ನೇ ನೋಡುತ್ತೀರಲ್ಲ, ಅದೇ ನನ್ನ ಸಂಕಟ. ಹೆದರಿದರೆ ಓಡುತ್ತದೆ, ಓಡಿದರೆ ಅನರ್ಹ, ಅನರ್ಹನಾದೇನು ಎಂದೇ ಹೆದರಿಕೆ. ಈ ಗಾಣದಿಂದ ನನ್ನನ್ನು ಬಿಚ್ಚುವವರು ಯಾರು?

ಕಾಯಿಲೆ ಮರುಕಳಿಸಬಹುದು ಎನ್ನುತ್ತೀರಿ. ನಿಜ. ಡಾಕ್ಟರೂ ಅದನ್ನು ಮುಚ್ಚಿಡಲಿಲ್ಲ. ಅದಕ್ಕೇ ನಾನು ಗುಳಿಗೆ ತಪ್ಪಿಸುವುದಿಲ್ಲ, ಊಟಕ್ಕೆ ಕೂತರೆ ಎಡಗೈ ನಾಡಿ ಹಿಡಿದು ನೋಡುತ್ತೇನೆ, ಬಸ್ಸಿನಲ್ಲಿ ನಿಂತರೆ ನೋಡುತ್ತೇನೆ, ಹೆಂಡತಿ ಮಾತಾಡುತ್ತಿರುವಾಗ ನೋಡಿ ಬೈಸಿಕೊಳ್ಳುತ್ತೇನೆ. “ನನ್ನ ಕೈ ಹಿಡಿದಾಗ್ಲೂ ಇಷ್ಟು ಗಮನ ಇರ್ಲಿಲ್ಲ ನಿಮ್ಗೆ” ಎನ್ನುತ್ತಾಳೆ. ಈಗ ನನ್ನನ್ನು ಗೇಟಿನ ಬಳಿ ಹೆಲ್ಮೆಟ್ ಹಂಚಲು ಕೂರಿಸಿದ್ದೀರಿ. ಹುಡುಗರು ‘ಕರೆಂಟಣ್ಣ’ ಎಂದು ಹೆಸರಿಟ್ಟಿದ್ದಾರೆ. ಕರೆಯಲಿ ಬಿಡಿ, ಬಾಯಿ ಇದ್ದವರು. ನಾನು ಈ ಪತ್ರ ಬರೆದದ್ದು ಅವಮಾನಕ್ಕೂ ಅಲ್ಲ, ನನ್ನೊಬ್ಬನ ಕೆಲಸಕ್ಕೂ ಅಲ್ಲ. ಇನ್ನೊಂದು ವಿಷಯವಿದೆ, ಅದನ್ನು ಬರೆಯಲೋ ಬೇಡವೋ ಎಂದು ಹರಿದು ಹರಿದು ಹಾಕಿ ಈಗ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಕ್ರೇನಿನವರಲ್ಲಿ ಒಬ್ಬ ಗೇಟಿಗೆ ಬಂದ. ಹೆಲ್ಮೆಟ್ ತೆಗೆದುಕೊಂಡವನು ಹೋಗದೆ ಅಲ್ಲೇ ನಿಂತ.

“ಅಣ್ಣಾ, ನಿಮಗೆ ಶುರುವಾದಾಗ ಹೇಗಾಗ್ತಿತ್ತು? ಕಾಳು ಚೆಲ್ಲಿದ ಹಾಗಾ?”

ನಾನು ಹೆಲ್ಮೆಟ್ ಹಂಚುವುದು ಬಿಟ್ಟು ಎದ್ದೆ. “ಯಾಕೋ?”

“ಸುಮ್ನೆ ಕೇಳ್ದೆ.”

“ಸುಮ್ನೆ ಯಾರೂ ಕೇಳಲ್ಲ. ಎಷ್ಟು ದಿನದಿಂದ?”

ಉತ್ತರಕ್ಕೆ ಕಾಯದೆ ಅವನ ಕೈ ಹಿಡಿದು ನೋಡಿದೆ. ನನಗೆ ಡಾಕ್ಟರಿಕೆ ಬರುವುದಿಲ್ಲ, ಆದರೆ ಆ ಎಡವು ನನಗೆ ಗೊತ್ತು. ವಾರಗಟ್ಟಲೆ ಅದರ ಜೊತೆ ಸಂಸಾರ ಮಾಡಿದವನು ನಾನು. “ಈಗ್ಲೇ ಹೋಗಿ ಸಾಹೇಬ್ರಿಗೆ ಹೇಳು, ಇದಕ್ಕೆ ಮದ್ದಿದೆ, ನಂಗೆ ವಾಸಿ ಆಗಿಲ್ವಾ?” ಎಂದೆ.

“ವಾಸಿ ಆಗಿದೆ ಅಣ್ಣಾ, ನಿಜ. ಆದ್ರೆ ಹೇಳಿದ್ದಕ್ಕೆ ನೀವು ಎಲ್ಲಿ ಕೂತಿದೀರಿ ನೋಡ್ಕೊಳ್ಳಿ. ನಂಗೆ ಎರಡು ಕೂಸು.”

ಮಾನ್ಯರೇ, ತಾವು ನನಗೆ ಕಲಿಸಿದ ಪಾಠವನ್ನು ಇಡೀ ಯಾರ್ಡು ಕಲಿತಿದೆ. ಹೇಳಿದವನು ಗೇಟಿನಲ್ಲಿ, ಮುಚ್ಚಿಟ್ಟವನು ಗೂಡಿನಲ್ಲಿ. ಕೈಸನ್ನೆಯವರು ಎಲ್ಲ ಕ್ರೇನುಗಳಿಗೂ ಸರದಿಯ ಮೇಲೆ ಹೋಗುತ್ತಾರೆ. ಇವತ್ತಲ್ಲ ನಾಳೆ ಅವನ ಕೊಕ್ಕೆಯ ಕೆಳಗೆ ನಿಲ್ಲುವವನು ನನ್ನ ಭಾಮೈದ. ಬೇಡಿಕೊಂಡು, ಬೈದು, ಕಾಲು ಹಿಡಿಯುವುದೊಂದು ಬಾಕಿ, ಏನೋ ಒಂದು ನೆಪ ಹೇಳಿಸಿ ಆ ಕ್ರೇನಿನ ಹುಡುಗನನ್ನು ಮನೆಯಲ್ಲಿ ಕೂರಿಸಿದ್ದೇನೆ. ಯಾವ ನೆಪ ಎಂದು ಬರೆಯುವುದಿಲ್ಲ, ಈ ವಾರ ರಜೆಯಲ್ಲಿ ಇರುವವರು ಒಬ್ಬರಲ್ಲ. ಅವನ ರಜೆ ಸೋಮವಾರದವರೆಗೆ. ಹೆಸರು ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಹೇಳಿದರೆ ಇವತ್ತು ಅವನೊಬ್ಬ ಇಳಿಯುತ್ತಾನೆ, ಆಮೇಲೆ ಇನ್ನು ಯಾವನೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ, ನನ್ನ ಹತ್ತಿರವೂ. ಹೇಳದಿದ್ದರೆ? ಅದನ್ನು ಯೋಚಿಸಿದಾಗೆಲ್ಲ ಎದ್ದು ಹೋಗಿ ಬಾಗಿಲ ಬೀಗ ಜಗ್ಗಿ ನೋಡುತ್ತೇನೆ. ಹೆಂಡತಿಗೂ ಹೇಳಿಲ್ಲ, ಅವಳ ತಮ್ಮನಲ್ಲವೇ. ಈ ಪತ್ರಿಕೆಯಲ್ಲೇ ಓದಿಕೊಳ್ಳುತ್ತಾಳೆ. ಓದಿದ ಮೇಲೆ ನನ್ನ ಗತಿ ದೇವರೇ ಕಾಣಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿದ್ದೇನೆ ಎಂದೇ ತಿಳಿಯಿರಿ. ಸೋಮವಾರ ಆ ಕ್ಲಿಪ್ಪನ್ನು ಮೇಜಿನ ಖಾನೆಯಲ್ಲೇ ಇಡಿ. ಎದೆಗೆ ಅಂಟಿಸಿ ಇಡೀ ದಿನದ ಹೊಡೆತ ಬರೆದುಕೊಳ್ಳುವ ಮೆಷಿನ್ನು ದೊಡ್ಡಾಸ್ಪತ್ರೆಯಲ್ಲಿದೆ, ಅದನ್ನು ನನಗೆ ಹಾಕಿಸಿ. ಅದರಲ್ಲಿ ಎಡವಿದ್ದು ಕಂಡರೆ ನನ್ನನ್ನು ಗೇಟಿನಲ್ಲೇ ಬಿಡಿ, ತಕರಾರು ಎತ್ತುವುದಿಲ್ಲ. ಬರೀ ಓಡಿದ್ದು ಕಂಡರೆ ನನ್ನ ಗೂಡು ನನಗೆ ಕೊಡಿ. ಜೊತೆಗೆ ಯಾರ್ಡಿನ ಗೋಡೆಗೆ ತಮ್ಮ ಕೈಬರಹದಲ್ಲೇ ಒಂದು ಮಾತು ಅಂಟಿಸಿ: ಎದೆಯ ಕಾಯಿಲೆಯನ್ನು ತಾನಾಗಿ ಬಂದು ಹೇಳಿದವನಿಗೆ ಚಿಕಿತ್ಸೆಯುಂಟು, ವಾಸಿಯಾದವನಿಗೆ ಅವನ ಕೆಲಸವುಂಟು.

ಸೋಮವಾರ ನಾನು ಒಬ್ಬನೇ ಬರುತ್ತಿಲ್ಲ. ಆ ಹುಡುಗನನ್ನು ಕರೆತರುತ್ತೇನೆ. ಒಳಗೆ ಬಾ ಎಂದರೆ ಅವನು ಒಪ್ಪಲಿಲ್ಲ. “ನೀವು ಮೊದ್ಲು ಹೋಗಿ ಬನ್ನಿ ಅಣ್ಣಾ, ನಾನು ಆಚೆ ನಿಂತಿರ್ತೀನಿ” ಎಂದಿದ್ದಾನೆ. ತಮ್ಮ ಬಾಗಿಲಿನಿಂದ ನಾನು ಹೊರಬರುವಾಗ ಅವನು ನೋಡುವುದು ನನ್ನ ಮುಖವನ್ನು. ಅದನ್ನು ನೋಡಿ ಒಂದೋ ಅವನು ಒಳಗೆ ಬರುತ್ತಾನೆ, ಇಲ್ಲವೇ ಸೀದಾ ಹೋಗಿ ಏಣಿ ಹತ್ತುತ್ತಾನೆ.

ಇಂತಿ,
ಪರೀಕ್ಷೆಗೆ ಮೊದಲೇ ಅರ್ಧ ಸೋತಿರುವ,
ಸದ್ಯಕ್ಕೆ ನೆಲದ ಮೇಲಿರುವ ಕ್ರೇನ್ ಚಾಲಕ