ಯೊನ್‌ಜು ಅಕ್ಕ ಕವುಚಿಟ್ಟ ಲೋಟ

ಬುಸಾನ್
ನವೆಂಬರ್ ೧೮, ಸೋಮವಾರ

ಯೊನ್‌ಜು ಅಕ್ಕನಿಗೆ,

ನನಗೆ ಏಡ್ಸ್ ಇದೆಯೆಂದು ನೀನು ಬಾರಿನವರಿಗೆಲ್ಲ ಹೇಳಿದ್ದೀಯ. ಇದು ಅನ್ಯಾಯ. ಇಷ್ಟನ್ನು ಮೊದಲು ಬರೆದು ಆಮೇಲೆ ಕೇಳುತ್ತಿದ್ದೇನೆ: ಹೇಗಿದ್ದೀಯ? ಚಳಿಗೆ ಕೋಣೆಯ ನೆಲ ಬಿಸಿಯಾಗುತ್ತಿದೆಯಾ, ಅಥವಾ ಮನೆಯೊಡೆಯ ಈ ವರ್ಷವೂ ನೆಲದಡಿಯ ಕಾವು ಹಚ್ಚದೆ ಸತಾಯಿಸುತ್ತಿದ್ದಾನಾ? ಹೋದ ವಾರವೇ ಬರೆಯಬೇಕಿತ್ತು. ಬರೆದದ್ದರಲ್ಲಿ ಬರೀ ಬೈಗುಳ ತುಂಬಿತ್ತು, ಹರಿದೆ. ತಡವಾಯಿತು, ಕ್ಷಮಿಸು. ನೀನು ಫೋನ್ ಎತ್ತುವುದಿಲ್ಲ, ಬಾರಿಗೂ ಬರುತ್ತಿಲ್ಲ. ಅದಕ್ಕೇ ಈ ಕಾಗದ. ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತೇನೆ.

ಅಕ್ಟೋಬರ್ ಕೊನೆಯಲ್ಲಿ ಬಾರಿನಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಕೋಣೆಯಲ್ಲಿ ನನ್ನ ಚೀಲದಿಂದ ನೀಲಿ ಮಾತ್ರೆಯ ಡಬ್ಬಿ ಉರುಳಿ ಬಿತ್ತಲ್ಲ, ಎತ್ತಿಕೊಟ್ಟವಳು ನೀನು. ಮರುದಿನ ಬೆಳಿಗ್ಗೆ ನಾವೆಲ್ಲ ಹಂದಿಮಾಂಸದ ಸಾರು-ಅನ್ನಕ್ಕೆ ಕೂತಾಗ ನೀನು ನಿನ್ನ ಮದ್ಯದ ಲೋಟ ಖಾಲಿ ಮಾಡಿದೆ. ನಾನು ಎರಡೂ ಕೈ ಚಾಚಿದೆ. ನೀನು ಅದನ್ನು ಮೇಜಿನ ಮೇಲೆ ಕವುಚಿಟ್ಟೆ.

"ಹೊಟ್ಟೆ ಸರಿ ಇಲ್ಲ ಕಣೇ, ಸಾಕು" ಅಂದೆ.

ಅಕ್ಕ, ತಾನು ಕುಡಿದ ಲೋಟವನ್ನೇ ಎದುರಿನವರ ಕೈಗಿಟ್ಟು ತುಂಬಿಸುವುದು ಅಂದರೆ ಏನೆಂದು ನನಗೆ ಕಲಿಸಿದವಳೇ ನೀನು. ಮನೆಯಿಂದ ಹೊರದಬ್ಬಿಸಿಕೊಂಡು, ಗಂಡಸಿನ ಕ್ರಾಪು ಇನ್ನೂ ಬೆಳೆಯದ ತಲೆಗೆ ಅಗ್ಗದ ವಿಗ್ ಇಟ್ಟುಕೊಂಡು ನಾನು ಬಂದ ದಿನ, ನಿನ್ನ ಲೋಟ ಕೊಟ್ಟು "ಕುಡಿ, ಇನ್ಮೇಲೆ ನೀನು ನನ್ನ ತಂಗಿ" ಅಂದಿದ್ದೆ.

ಆಮೇಲಿನ ವಾರ ದೊಡ್ಡಮ್ಮ ನನ್ನ ಮುಂದೆ ಕಾಗದದ ಲೋಟ ಇಟ್ಟಳು. ಬಾರಿನ ಒಡತಿ, ಎದುರು ಮಾತಾಡುವ ಹಾಗಿಲ್ಲ. ಎಲ್ಲರೂ ಒಂದೇ ಬಟ್ಟಲಿಂದ ತೆಗೆಯುವ ಕಿಮ್ಚಿಯನ್ನು ನಮ್ಮ ಜೊತೆಯವಳೇ ಆದ ತೇಬಿ ಮೆಲ್ಲಗೆ ಆಚೆ ಸರಿಸಿದಳು.

"ರಾಣಿಯವ್ರಿಗೆ ಬೇರೆ ಬಟ್ಟಲು ತನ್ನಿ!" ಅಂದಳು.

"ಎಂಜಲಿಂದ ಎಚ್‌ಐವಿ ಬರಲ್ಲ" ಎಂದು ನಾನು ಶುರುಮಾಡಿದೆ.

"ಪಾಠ ಆಮೇಲೆ ಮಾಡು, ಸಾರು ಆರುತ್ತೆ" ಅಂದಳು ದೊಡ್ಡಮ್ಮ. ಎಲ್ಲರೂ ನಕ್ಕರು. ಅಂದಿನಿಂದ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕ ಹಾಗಿದೆ. ಕನ್ನಡಿಯಲ್ಲಿ ಯಾರ ಕಣ್ಣು ಯಾರ ಕಡೆ ಹೊರಳುತ್ತದೆಂದು ಕಾಯುತ್ತೇನೆ. ನನ್ನ ಟವೆಲ್ ಬೇರೆ ಮೊಳೆಗೆ ಹೋಗಿದೆ. ಅದು ತಾನಾಗಿಯೇ ಹೋಗಿರುತ್ತದೆಯೇ?

ಆ ಮಾತ್ರೆ ರೋಗ ಬಾರದಿರಲಿ ಎಂದು ದಿನಾ ನುಂಗುವುದು. ರೋಗ ಇರುವವರಿಗೂ ಅದನ್ನೇ ಬೇರೆ ಮಾತ್ರೆಯ ಜೊತೆ ಕೊಡುತ್ತಾರೆ, ಅದಕ್ಕೇ ಗೊಂದಲ. ಅದನ್ನು ನುಂಗಿದರೆ ಹಾರ್ಮೋನು ಕೆಲಸ ಮಾಡುವುದಿಲ್ಲ, ಬಂದ ಎದೆಯೂ ಇಳಿದುಹೋಗುತ್ತದೆ ಎಂದು ತೇಬಿ ಹುಡುಗಿಯರನ್ನೆಲ್ಲ ಹೆದರಿಸುತ್ತಿದ್ದಾಳೆ. ಸುಳ್ಳು. ನನ್ನ ಎದೆ ಇದ್ದ ಹಾಗೇ ಇದೆ.

ನನಗೆ ರೋಗ ಇಲ್ಲ ಎನ್ನುವ ಆರೋಗ್ಯ ಕೇಂದ್ರದ ಚೀಟಿ ಚೀಲದಲ್ಲೇ ಇತ್ತು. ಮೇಜಿಗೆ ಬಡಿದು ತೋರಿಸಬಹುದಿತ್ತು. ತೋರಿಸಲಿಲ್ಲ. ನಾನು ಶುದ್ಧ ಎಂದು ಕೂಗಿದರೆ, ಅದೇ ಮೇಜಿನಲ್ಲಿ ಕಾಯಿಲೆ ಇಟ್ಟುಕೊಂಡು ಬಾಯಿ ಮುಚ್ಚಿ ಕೂತವಳು ಏನಾಗುತ್ತಾಳೆ? ಆರೋಗ್ಯ ಕೇಂದ್ರದ ಕರಪತ್ರದಲ್ಲಿ ಓದಿದ ಹಾಗೇ ನಾನು ಬದುಕುತ್ತೇನೆ. ನಿನಗೆ ಕೊಟ್ಟ ಕರಪತ್ರಗಳನ್ನು ನೀನು ಹಸಿಮೀನು ಸುತ್ತಲು ಬಳಸಿದೆ ಎಂದು ನನಗೆ ಗೊತ್ತು.

ಬೇರೆಯವರು ಹೇಗಾದರೂ ಇರಲಿ. ನೀನು ಯಾಕೆ ಹೇಳಿದೆ? ಅದೊಂದು ತಿಳಿಯಬೇಕು. ತಿಳಿಯದೆ ನಿನ್ನನ್ನು ಅಕ್ಕ ಅನ್ನಲಾರೆ.

ಚಳಿ ಹೆಚ್ಚಾಗಿದೆ, ಬೆಚ್ಚಗಿರು. ಸಿಟ್ಟಿನಲ್ಲೂ ನಿನಗೆ ಒಳ್ಳೆಯದೇ ಆಗಲಿ ಎಂದು ಬೇಡುವ,

ಸೊಯುಲ್

ತಾ.ಕ. (ಬುಧವಾರ): ಕಾಗದ ಎರಡು ದಿನ ನನ್ನ ಬಳಿಯೇ ಉಳಿಯಿತು. ನಿನ್ನೆ ತೇಬಿ ಕೋಣೆಗೆ ಬಂದಳು. ನೆಲಕ್ಕೆ ಕೂತು ಅತ್ತಳು.

"ಡಬ್ಬಿ ನಾನೂ ನೋಡ್ದೆ. ದೊಡ್ಡಮ್ಮಂಗೆ ಹೇಳಿದ್ದು ನಾನೇ. ಭಯ ಆಯ್ತು ಕಣೇ. ಯೊನ್‌ಜು ಅಕ್ಕ ಅದಕ್ಕೇ ನನ್ನ ಜುಟ್ಟು ಹಿಡಿದು ಬೈದ್ಲು."

"ಮತ್ತೆ ಲೋಟ ಯಾಕೆ ಕವುಚಿದ್ಲು?"

"ನಿಂಗೊಬ್ಬಳಿಗೇ ಅಂದ್ಕೊಂಡ್ಯಾ? ಚುಸೊಕ್ ಹಬ್ಬದಿಂದ ಆಕೆ ಯಾರ ಕೈಗೂ ಲೋಟ ಕೊಟ್ಟಿಲ್ಲ, ಪೆದ್ದಿ. ನಂಗೂ ಇಲ್ಲ."

ಚುಸೊಕ್ ಸೆಪ್ಟೆಂಬರಿನಲ್ಲಿ. ನನ್ನ ಡಬ್ಬಿ ಬೀಳುವುದಕ್ಕೆ ಎಷ್ಟೋ ಮೊದಲು.

ಉಳಿದದ್ದನ್ನೂ ಹೇಳಿದಳು. ಬೇಸಿಗೆಯ ಜ್ವರಕ್ಕೆ ನೀನು ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆ. ಫಲಿತಾಂಶ ತಿಳಿಸಬೇಕು, ಬನ್ನಿ ಎಂದು ಅವರೇ ಕರೆದರು. ಹೋಗಿ ಕೂತರೆ, ತುಂಬಿದ ಜನರ ನಡುವೆ ನಿನ್ನ ಹಳೆಯ ಗಂಡು ಹೆಸರನ್ನು ಕೂಗಿದರು. ಮತ್ತೆ ಕೂಗಿದರು. ನೀನು ಎದ್ದು ಹೊರಗೆ ಬಂದೆ, ತಿರುಗಿ ಹೋಗಲೇ ಇಲ್ಲ. ಅಂದಿನಿಂದ ನಿನ್ನ ಎಂಜಲಿಂದ ನಮ್ಮನ್ನು ಕಾಪಾಡುತ್ತಿದ್ದೀಯ.

ಇದೂ ನನ್ನ ಅನುಮಾನವೇ ಇರಬಹುದು. ಆದರೆ ಎಂಜಲಿಂದ ಬರುವುದಿಲ್ಲ ಎಂದು ಇಡೀ ಮೇಜಿಗೆ ಅರಚುತ್ತಿದ್ದ ನನ್ನ ಪಕ್ಕದಲ್ಲೇ ಕೂತು, ನೀನು ನನಗೆ ಒಂದು ಮಾತು ಹೇಳಲಿಲ್ಲ. ಅದು ಸುಡುತ್ತಿದೆ, ಅಕ್ಕ. ಅಷ್ಟೊಂದು ಮಾತಾಡಿದ ನನ್ನಲ್ಲಿ ನಿನಗೆ ಹೇಳಿಕೊಳ್ಳುವ ಜಾಗವೇ ಸಿಗಲಿಲ್ಲವಾ?

ರೋಗ ಇದ್ದರೆ ಮದ್ದಿದೆ. ಮದ್ದು ನಿಲ್ಲಿಸದೆ ತಗೊಂಡರೆ ಇನ್ನೊಬ್ಬರಿಗೆ ದಾಟುವುದೂ ಇಲ್ಲ. ಮದ್ದಿಲ್ಲದೆ ಕೋಣೆಯಲ್ಲಿ ಕೂತರೆ ನೀನು ಸಾಯುತ್ತೀಯ. ನಾನು ಪರೀಕ್ಷೆಗೆ ಹೋಗುವ ಆರೋಗ್ಯ ಕೇಂದ್ರದಲ್ಲಿ ಹೆಸರು ಕೇಳುವುದಿಲ್ಲ, ಸಂಖ್ಯೆ ಬರೆದ ಚೀಟಿ ಕೊಡುತ್ತಾರೆ. ಮುಂದೆ ಆಸ್ಪತ್ರೆಗೆ ಹೋಗಬೇಕಾದರೆ, ಹೆಸರು ಕೂಗುವ ಮೊದಲೇ ನಾನು ಅವರ ಕಿಟಕಿಯ ಮುಂದೆ ನಿಂತಿರುತ್ತೇನೆ. ಪರೀಕ್ಷೆಗೆ ರಕ್ತ ಕೊಡುವ ನನ್ನ ಸರದಿಯೂ ಈ ವಾರವೇ ಇದೆ.

ಶುಕ್ರವಾರ, ಇಪ್ಪತ್ತೆರಡನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ, ಆರೋಗ್ಯ ಕೇಂದ್ರದ ಪಕ್ಕದ ಬಾಗಿಲಲ್ಲಿ ಕಾಯುತ್ತಿರುತ್ತೇನೆ.